ಸ್ಟಾರ್ಟರ್ ಬಿಚ್ಚಿದ ವಿಮಾನ

ನಾನು ಇವತ್ತಿನವರ್ಗೂ ವಿಮಾನ ಹತ್ತಿಲ್ಲ. ಇದನ್ನ ಮೊದ್ಲೇ ಹೇಳ್ಬುಡ್ತೀನಿ, ಯಾಕಂದ್ರೆ ಮುಂದೆ ನಾನು ಮಾತಾಡೋ ಧಾಟಿ ನೋಡಿದ್ರೆ ಇವ್ಳು ದಿನಾ ಮ್ಯಾಲೇ ಹಾರಾಡ್ಕಂಡವ್ಳೆ ಅನ್ಕೋಬೇಕು. ಮಳವಳ್ಳಿಯಿಂದ ಮಂಡ್ಯ, ಮಂಡ್ಯದಿಂದ ಮಳವಳ್ಳಿ, ಬಸ್ಸಲ್ಲಿ, ಅದೂ ನಿಂತ್ಕಂಡು. ನನ್ ಓಡಾಟ ಅಷ್ಟೇ. ಆದ್ರೆ ಒಂದು ಪುಟ್ಟ ವಿಮಾನ ಕಂಪ್ನಿ ಉಳೀತದಾ ಮುಚ್ಚೋಯ್ತದಾ ಅಂತ ಸುಮಾರು ಒಂದು ವರ್ಷ ಎದ್ರುಕಂಡೇ ಬದುಕಿದ್ದೀನಿ. ಉಣ್ಣುವಾಗ ಎದ್ರಿಕೆ, ತಲೆ ಬಾಚುವಾಗ ಎದ್ರಿಕೆ, ಬಸ್ಸಲ್ಲಿ ಕಂಬಿ ಹಿಡ್ಕಂಡು ನಿಂತಿದ್ದಾಗ್ಲೂ ಎದ್ರಿಕೆ.

ಅಣ್ಣ ಅಲ್ಲಿ ಕೆಲ್ಸಕ್ಕಿದ್ದ. ಅದೇ ಕಾರಣ.

ನಮ್ಮಪ್ಪ ಮಳವಳ್ಳೀಲಿ ಪ್ರೈವೇಟ್ ಬಸ್ ಮೆಕ್ಯಾನಿಕ್ಕು. ಒಬ್ರೇ ಮಾಲೀಕ್ರು, ಐದು ಬಸ್ಸು, ಒಂದು ಶೆಡ್ಡು. ಆ ಲೈನ್ ಈಗಿಲ್ಲ, ನಿಂತೋಗಿ ಸುಮಾರು ವರ್ಷ ಆಯ್ತು. ಅಣ್ಣ ಚಿಕ್ಕೋನಿದ್ದಾಗ ಆಟ ಆಡಿದ್ದೇ ಆ ಬಸ್ಗಳ ಅಡೀಲಿ. ಪಿಯುಸಿ ಮುಗ್ಸಿ "ನಾನು ವಿಮಾನ ರಿಪೇರಿ ಓದ್ತೀನಿ" ಅಂದಾಗ ಅಪ್ಪ ನಕ್ಬುಡ್ತು. ಆಮೇಲೆ ತಾನೇ ಹೋಗಿ ಸೇರ್ಸಿ ಬಂತು. ಕೋರ್ಸ್ ಮುಗುದ್ ಮೇಲೆ ಅಣ್ಣ ಮೈಸೂರು ಏರ್‌ಪೋರ್ಟಿಂದ ಹಾರಾಡೋ ಒಂದು ಸಣ್ಣ ಕಂಪ್ನೀಲಿ ಟೆಕ್ನಿಶಿಯನ್ ಆದ. ರೆಕ್ಕೇಲಿ ದೊಡ್ ಫ್ಯಾನು ತಿರುಗ್ತದಲ್ಲ, ಅಂಥಾ ವಿಮಾನಗಳು. ಒಟ್ಟು ನಾಲ್ಕೇ ನಾಲ್ಕು. ಮೈಸೂರಲ್ಲೇ ರೂಮ್ ಮಾಡ್ಕಂಡಿದ್ದ, ವಾರದ ರಜಾಕ್ಕೆ ಮನೆಗೆ ಬರೋನು.

ಇಲ್ಲಿ ಒಂದ್ ವಿಷ್ಯ ಬಿಡಿಸಿ ಹೇಳ್ಬೇಕು, ಇಲ್ದಿದ್ರೆ ನಾನ್ಯಾಕೆ ಅಷ್ಟೊಂದು ಎದ್ರಿದ್ದೆ ಅನ್ನೋದು ಗೊತ್ತಾಗಲ್ಲ. ಟೆಕ್ನಿಶಿಯನ್ ಅಂದ್ರೆ ಸ್ಪ್ಯಾನರ್ ಹಿಡಿಯೋನು, ಅಷ್ಟೇ. ರಿಪೇರಿ ಆದ್ಮೇಲೆ "ಈ ವಿಮಾನ ಹಾರ್ಬೌದು" ಅಂತ ಸೈನ್ ಹಾಕೋಕೆ ಲೈಸೆನ್ಸ್ ಬೇಕು. ಲೈಸೆನ್ಸಿಗೆ ಪರೀಕ್ಷೆ ಪಾಸಾದ್ರೆ ಸಾಲ್ದು, ಒಂದು ಬುಕ್ಕು ಇರ್ಬೇಕು. ಮಾಡಿದ್ ಕೆಲ್ಸ ಎಲ್ಲಾ ಅದ್ರಲ್ಲಿ ಬರೀಬೇಕು. ಯಾವತ್ತು, ಯಾವ ವಿಮಾನ, ಏನ್ ಬಿಚ್ಚಿದ್ದು, ಏನ್ ಹಾಕಿದ್ದು. ಪಕ್ಕದಲ್ಲಿ ನಿಂತು ನೋಡಿದ ಇಂಜಿನಿಯರ್ರು ಅದಕ್ಕೆ ಸೈನ್ ಮಾಡ್ಬೇಕು. ಕೊನೆಗೆ ಕಂಪ್ನಿ ಮ್ಯಾನೇಜರ್ರು ಒಂದೊಂದು ಹಾಳೆಗೂ ಸೈನ್ ಹಾಕಿ ಸೀಲ್ ಒತ್ಬೇಕು. ಅಣ್ಣಂದು ಪರೀಕ್ಷೆ ಎಲ್ಲಾ ಆಗಿತ್ತು. ಮೂರು ವರ್ಷದ ಕೆಲ್ಸ ಒಂದು ನೀಲಿ ರಟ್ಟಿನ ಬುಕ್ಕಲ್ಲಿತ್ತು. ಆ ಬುಕ್ಕು ನಾಲ್ಕು ತಿಂಗ್ಳಿಂದ ಮ್ಯಾನೇಜರ್ ಡ್ರಾಯರಲ್ಲಿ ಕೂತಿತ್ತು. ಕೇಳ್ದಾಗೆಲ್ಲ "ಪುರುಸೊತ್ತಿಲ್ಲ ಮರಿ, ನಾಳೆ ನೋಡೋಣ" ಅಂತಿದ್ರಂತೆ. ಆ ಸೈನ್ ಬೀಳೋಕ್ ಮುಂಚೆ ಕಂಪ್ನಿ ಮುಚ್ಚೋದ್ರೆ, ಇಲ್ಲಾ ಅಣ್ಣನ್ನ ಕೆಲ್ಸದಿಂದ ತೆಗುದ್ರೆ, ಮೂರು ವರ್ಷ ಅನ್ನೋದು ಬರೀ ನೋಟ್‌ಬುಕ್ಕು. ಬೇರೆ ಕಂಪ್ನಿಯೋರು ಸೈನ್ ಹಾಕಂಗಿಲ್ಲ, ಅವ್ರು ಕಣ್ಣಾರೆ ನೋಡಿಲ್ವಲ್ಲ. ಮೊದ್ಲಿಂದ ಶುರು ಮಾಡ್ಬೇಕು.

ನಾನು ಮಂಡ್ಯದಲ್ಲಿ ಒಂದು ಜೆರಾಕ್ಸ್ ಅಂಗ್ಡೀಲಿ ಕೆಲ್ಸ ಮಾಡ್ತೀನಿ. ಜೆರಾಕ್ಸು, ಪಹಣಿ, ಆನ್‌ಲೈನ್ ಅರ್ಜಿ, ಟಿಕೆಟ್ ಬುಕ್ಕಿಂಗು. ಗಿರಾಕಿ ಇಲ್ದಾಗ ಕಂಪ್ಯೂಟ್ರು ಖಾಲಿ. ಅಣ್ಣ ಸೇರ್ಕಂಡ್ ಮೇಲೆ ವಿಮಾನ ಕಂಪ್ನಿಗಳ ಬಗ್ಗೆ ಓದೋಕೆ ಶುರು ಮಾಡ್ದೆ. ಯಾರೂ ಹೇಳ್ಕೊಡ್ಲಿಲ್ಲ. ಗೊತ್ತಾಗ್ದಿದ್ ಪದಕ್ಕೆ ಫೋನಲ್ಲಿ ಅರ್ಥ ಹುಡುಕ್ತಾ, ಒಂದು ಪುಟಕ್ಕೆ ಅರ್ಧ ದಿನ. ಮೊದ್ಲು ಭಾರಿ ಖುಷಿ ಆಯ್ತಿತ್ತು. ಓದ್ತಾ ಓದ್ತಾ ಎದ್ರಿಕೆ ಶುರು ಆಯ್ತು.

ನಂಗೆ ಅರ್ಥ ಆಗಿದ್ದು ಬಸ್ ಲೆಕ್ಕದಲ್ಲೇ ಹೇಳ್ತೀನಿ. ಅಪ್ಪನ ಮಾಲೀಕ್ರ ಬಸ್ಸು ಸ್ವಂತದ್ದು. ಜನ ಇಲ್ಲ ಅಂದ್ರೆ ಶೆಡ್ಡಲ್ಲಿ ನಿಲ್ಸೋರು, ಡೀಸೆಲ್ ಆದ್ರೂ ಉಳೀತಿತ್ತು. ಈ ವಿಮಾನಗಳು ಬಾಡ್ಗೇವು. ಹಾರಿದ್ರೂ ಬಾಡ್ಗೆ, ನಿಂತ್ರೂ ಬಾಡ್ಗೆ, ಅದೂ ಡಾಲರಲ್ಲಿ. ಟಿಕೆಟ್ ದುಡ್ಡು ಬರೋದು ರೂಪಾಯಲ್ಲಿ. ರೂಪಾಯಿ ಒಂಚೂರು ಇಳುದ್ರೆ ಕೂತ್ಕಂಡ್ ಕಡೆನೇ ಬಾಡ್ಗೆ ಜಾಸ್ತಿ. ಎಣ್ಣೆ ರೇಟು ಇನ್ಯಾವ್ದೋ ದೇಶದ ಜಗಳಕ್ಕೆ ಏರ್ತದೆ. ಇಂಜಿನ್ ಕೆಟ್ರೆ ಹೊರದೇಶಕ್ಕೆ ಕಳುಸ್ಬೇಕು, ವಾಪಸ್ ಬರೋಕೆ ತಿಂಗಳುಗಟ್ಲೆ. ಪೈಲಟ್‌ನ ಪಳಗ್ಸೋದು ಸಣ್ಣ ಕಂಪ್ನಿ, ಸಂಬ್ಳ ಜಾಸ್ತಿ ತೋರ್ಸಿ ಕರ್ಕಂಡೋಗೋದು ದೊಡ್ ಕಂಪ್ನಿ. ಸಣ್ಣ ಊರಿಗೆ ಹಾರ್ಸಿ ಅಂತ ಸರ್ಕಾರ ಖಾಲಿ ಸೀಟಿಗೆ ಒಂದಷ್ಟು ವರ್ಷ ದುಡ್ಡು ಕೊಡ್ತದೆ, ಆಮೇಲೆ ನಿಲ್ಲುಸ್ತದೆ. ಅಷ್ಟ್ರಲ್ಲಿ ಜನಕ್ಕೆ ವಿಮಾನ ಅಭ್ಯಾಸ ಆಗಿದ್ರೆ ದೊಡ್ಡೋರು ದೊಡ್ ವಿಮಾನ ತಂದು ಅದೇ ರೂಟಲ್ಲಿ ಕಮ್ಮಿ ರೇಟಿಗೆ ಬುಡ್ತಾರೆ. ಅಭ್ಯಾಸ ಆಗ್ದಿದ್ರೆ ಸೀಟು ಖಾಲಿ. ಎರಡ್ರಲ್ಲೂ ಸಾಯೋದು ಸಣ್ಣೋನೇ.

ಇನ್ನೊಂದು ನಂಗೆ ಗೊತ್ತಾಗಿದ್ದು ಮದ್ದೂರಲ್ಲಿ. ಅತ್ತೆ ಮನೆಗೆ ಹೋಗಿದ್ದಾಗ ಹಳೇ ರೋಡಲ್ಲಿ ಟೀ ಕುಡೀತಾ ನಿಂತಿದ್ದೆ. ಅಂಗಡಿ ತುಂಬಾ ಖಾಲಿ ಬೆಂಚು. ಟೀ ಅಂಗ್ಡಿಯೋರು ಹೊಸ ಹೈವೇ ಕಡೆ ಬೆರಳು ತೋರ್ಸಿ ಅಂದ್ರು, "ಮೊದ್ಲು ಇಲ್ಲಿ ನಿಲ್ದಿರೋ ಕಾರೇ ಇರ್ಲಿಲ್ಲ ಕಣವ್ವ. ಈಗ ಮೈಸೂರಲ್ಲಿ ಆಕಳಿಸಿದ್ರೆ ಬೆಂಗ್ಳೂರಲ್ಲಿ ಬಾಯಿ ಮುಚ್ತಾರೆ." ನಂಗೆ ನಗು ಬಂತು, ತಕ್ಷಣ ನಗು ನಿಂತೋಯ್ತು. ಕಾರಲ್ಲಿ ಅಷ್ಟು ಬೇಗ ಹೋಗಂಗಿದ್ರೆ ಮೈಸೂರು ಬೆಂಗ್ಳೂರು ವಿಮಾನ ಯಾರಿಗ್ ಬೇಕು? ಅಣ್ಣನ ಕಂಪ್ನಿ ದಿನಕ್ಕೆರಡ್ ಸಲ ಅದೇ ರೂಟ್ ಹಾರುಸ್ತಿತ್ತು. ಮುಂದಿನ ತಿಂಗ್ಳೇ ಅದನ್ನ ನಿಲ್ಸಿದ್ರು. ಉಳ್ದಿದ್ದು ಹೈದ್ರಾಬಾದು, ಚೆನ್ನೈ, ಗೋವಾ.

ನಂಗೆ ಒಂದು ಸಣ್ಣ ಯೂಟ್ಯೂಬ್ ಚಾನೆಲ್ ಇತ್ತು. ಮುಖ ತೋರ್ಸ್ತಿರ್ಲಿಲ್ಲ, ಬರೀ ಮಾತು, ನಮ್ ಮಂಡ್ಯ ಮಾತು. ವಿಮಾನ ಯಾಕೆ ಲೇಟಾಯ್ತದೆ, ಟಿಕೆಟ್ ರೇಟು ಯಾಕೆ ಗಂಟೆಗೊಂದ್ ಸಲ ಬದ್ಲಾಯ್ತದೆ, ಇಂಥವು. ನಾನೂರು ಚಿಲ್ರೆ ಜನ ನೋಡೋರು. ಅದ್ರಲ್ಲಿ ಅರ್ಧ ನಮ್ ನೆಂಟ್ರೇ.

ಒಂದಿನ ಅಣ್ಣ ರಜಾಕ್ಕೆ ಬಂದಿದ್ದ. ಮಧ್ಯಾಹ್ನ ಎಲ್ರೂ ಉಣ್ತಾ ಕೂತಿದ್ವಿ. ಅಪ್ಪ ಕೇಳ್ತು, "ಏನ್ಲಾ ಕೆಲ್ಸ ಈ ವಾರ?"

"ಸ್ಟಾರ್ಟರ್ ಹಾಕಿದ್ವಿ ಕಣಪ್ಪ. ಇಂಜಿನ್ ಸಿಕ್ದೆ ಒಂದು ವಿಮಾನ ನಿಂತದಲ್ಲ, ಅದುರ್ದು ಬಿಚ್ಚಿ ಓಡೋದಕ್ಕೆ ಹಾಕಿದ್ವಿ."

ಅಪ್ಪನ ಕೈ ತಟ್ಟೇಲೇ ನಿಂತೋಯ್ತು. "ಹೊಸಾದು ಇರ್ನಿಲ್ವಾ?"

"ಬರ್ಬೇಕು. ದುಡ್ ಕಟ್ಟಿಲ್ವೋ ಏನೋ, ಇನ್ನೂ ಕಳ್ಸಿಲ್ಲ."

"ಮುಗೀತು ಬುಡು."

"ಏನ್ ಮುಗೀತು?"

"ನಿಮ್ ಕಂಪ್ನಿ ಕಣ್ಲಾ." ಅಪ್ಪ ಬೆರಳು ಮಡಿಸ್ತಾ ಹೇಳೋಕೆ ಶುರು ಮಾಡ್ತು. "ಮೊದ್ಲು ಸ್ಟೆಪ್ನಿ ಕಾಣ್ಸಲ್ಲ. ಆಮೇಲೆ ಡೀಸೆಲ್ಲು ಟ್ಯಾಂಕ್ ತುಂಬ ಹಾಕ್ಸೋದ್ ನಿಂತು ಕ್ಯಾನಲ್ಲಿ ಬತ್ತದೆ, ಅವತ್ತಿಂದು ಅವತ್ಗೆ. ಆಮೇಲೆ ನಿಂತಿರೋ ಗಾಡೀದು ಬ್ಯಾಟ್ರಿ, ಸ್ಟಾರ್ಟ್ರು, ಒಂದೊಂದೇ ಬಿಚ್ಚಿ ಓಡೋ ಗಾಡಿಗೆ. ಸೀಟ್ ಬಿಚ್ಚೋವೊತ್ಗೆ ಮಾಲೀಕ ಊರಲ್ಲಿರಲ್ಲ. ನಾನ್ ನೋಡಿಲ್ವಾ?"

"ಬಸ್ಸಲ್ಲ ಕಣಪ್ಪ ಇದು. ದೊಡ್ ದೊಡ್ ಕಂಪ್ನೀಲೂ ಇಂಗ್ ಮಾಡ್ತಾರೆ. ಬಿಚ್ಚಿದ್ ಸಾಮಾನಿಗೆ ಚೀಟಿ ಕಟ್ತೀವಿ, ಎಷ್ಟ್ ಗಂಟೆ ಓಡದೆ ಅಂತ ಬರೀತೀವಿ, ಟೆಸ್ಟ್ ಮಾಡ್ತೀವಿ, ಆಮೇಲೆ ಮೂರ್ ಜನ ಸೈನ್ ಹಾಕ್ತಾರೆ."

"ಸೈನ್ ಹಾಕುದ್ರೆ ಗಾಡಿ ಸ್ಟಾರ್ಟ್ ಆಯ್ತದಾ?"

ಅವ್ವ ಸಾರಿನ ಸೌಟು ಎತ್ಕಂಡು ಬಂತು. "ಉಣ್ಣೋಕ್ ಬುಡು ಅವ್ನ. ಮುದ್ದೆ ಜೊತೆ ಸ್ಟಾರ್ಟ್ರು ಗಂಟ್ಲಲ್ ಸಿಕ್ಕಾಕಂಡಾತು."

ಎಲ್ರೂ ನಕ್ರು. ಅಣ್ಣಾನೂ ನಕ್ಕ. ನಂಗೆ ನಗು ಬರ್ಲಿಲ್ಲ. ಅಪ್ಪ ಬೆರಳು ಮಡಿಸಿ ಹೇಳಿದ್ದೆಲ್ಲಾ ನಾನ್ ಓದಿದ್ದಕ್ಕೆ ಸರ್ಯಾಗಿ ಹೊಂದ್ಕಂಡ್ಬುಡ್ತು. ಡಾಲರು, ಬಾಡ್ಗೆ, ಖಾಲಿ ಸೀಟು, ಈಗ ಸ್ಟಾರ್ಟರ್ರು. ಅಣ್ಣ ಕೈ ತೊಳೀವಾಗ "ಬುಕ್ಕಿಗೆ ಸೈನ್ ಆಯ್ತಾ?" ಅಂದೆ. "ನಾಳೆ ಅಂದವ್ರೆ" ಅಂದ.

ಆ ವಾರ ನಾನು ಅಂಗ್ಡೀಲಿ ಕೂತ್ಕಂಡು ವಿಮಾನ ಎಲ್ಲೆಲ್ಲಿ ಹಾರ್ತಾವೆ ಅಂತ ತೋರ್ಸೋ ಆ್ಯಪ್ ನೋಡ್ತಾನೇ ಇದ್ದೆ. ಅಣ್ಣನ ಕಂಪ್ನೀದು ನಾಲ್ಕು ಗುರುತು ಇರ್ಬೇಕು. ಮೂರು ಇರೋದು. ಒಂದೊಂದಿನ ಎರಡು. ಬೆಳಿಗ್ಗೆ ಚೆನ್ನೈದು "ತಾಂತ್ರಿಕ ಕಾರಣ" ಅಂತ ನಿಲ್ಸಿ, ಆ ಜನಾನೆಲ್ಲ ಸಾಯಂಕಾಲದ್ದಕ್ಕೆ ತುಂಬೋರು. ಇದೂ ನಂಗೆ ಗೊತ್ತಿರೋದೇ. ಎಂಟೂವರೆ ಬಸ್ಸಿಗೆ ಜನ ಕಮ್ಮಿ ಇದ್ರೆ "ಬ್ರೇಕ್ ಹಿಡೀತಿಲ್ಲ" ಅಂದು ಒಂಬತ್ತೂವರೆ ಬಸ್ಸಿಗೆ ಎಲ್ರನ್ನೂ ಹತ್ತುಸ್ತಿರ್ನಿಲ್ವಾ!

ಈಗ ನಾನ್ ಮಾಡಿದ್ ತಪ್ಪಿಗೆ ಬತ್ತೀನಿ.

ನಮ್ ಕಡೆ ಪ್ರೈವೇಟ್ ಬಸ್ಸಲ್ಲಿ ಒಂದು ಪದ್ಧತಿ ಇತ್ತು. ಲೈನ್ ನಿಲ್ತದೆ ಅಂದ್ರೆ ಮಾಲೀಕ್ರು ಕೊನೇ ದಿನದವರ್ಗೂ ಬಾಯಿ ಬುಡಲ್ಲ. ಮೆಕ್ಯಾನಿಕ್ಕು, ಕಂಡಕ್ಟರ್ರು ದಿನದ ಗಿರಾಕಿಗಳಿಗೆ ಮೆತ್ತಗೆ ಹೇಳ್ಬೇಕು. "ಬರೋ ತಿಂಗ್ಳಿಂದ ಬೇರೆ ಬಸ್ ನೋಡ್ಕಳಿ" ಅಂತ. ಅಪ್ಪನ ಲೈನ್ ನಿಲ್ಲುವಾಗ ಅಪ್ಪ ಸ್ಕೂಲ್ ಮಕ್ಳಿಗೆ ಹೇಳ್ತು, ಹೂವಿನೋರಿಗೆ ಹೇಳ್ತು, ಬಂಡೂರು ಕಡೆಯಿಂದ ಕುರಿಮರಿ ತಬ್ಕಂಡು ಸಂತೆಗೆ ಬರೋರಿಗೂ ಹೇಳ್ತು. ಹೇಳ್ದೆ ಇರೋದು ಪಾಪ ಅಂತಿತ್ತು. ಯಾರ್ ಹೇಳಿದ್ರು ಅಂತ ಯಾರೂ ಕೇಳ್ತಿರ್ಲಿಲ್ಲ. ಬಸ್ ಸ್ಟ್ಯಾಂಡಲ್ಲಿ ಮಾತು ಎಲ್ರದೂ.

ನಾನೂ ಅದೇ ಮಾಡ್ತಿದ್ದೀನಿ ಅನ್ಕಂಡೆ. ಅಂಗ್ಡೀಲಿ ಯಾರೂ ಇಲ್ದಾಗ ಫೋನ್ ಇಟ್ಕಂಡು ಮಾತಾಡ್ದೆ. ಕಂಪ್ನಿ ಹೆಸ್ರು ಹೇಳಿ, ಖಾಲಿ ಸೀಟಿನ ವಿಷ್ಯ, ಬಾಡ್ಗೆ ವಿಷ್ಯ ಎಲ್ಲಾ ಹೇಳಿ, ಕೊನೆಗೆ ಅಂದೆ: "ನಿಂತಿರೋ ವಿಮಾನದ ಸ್ಟಾರ್ಟರ್ ಬಿಚ್ಚಿ ಓಡೋದಕ್ಕೆ ಹಾಕವ್ರೆ. ನಮ್ ಕಡೆ ಬಸ್ಸಲ್ಲಿ ಇಂಗ್ ಮಾಡುದ್ರೆ ಏನರ್ಥ ಅಂತ ನಿಮ್ಗೇ ಗೊತ್ತು. ಟಿಕೆಟ್ ತಕಂಡಿರೋರು ಬೇರೆ ದಾರಿ ನೋಡ್ಕಳಿ."

ಮೂರನೇ ದಿನಕ್ಕೆ ಅದನ್ನ ನಾನೂರು ಜನ ಅಲ್ಲ, ಎಷ್ಟು ಸಾವ್ರ ಅಂತ ನೋಡೋಕೇ ಭಯ ಆಗೋವಷ್ಟು ಜನ ನೋಡಿದ್ರು. ಯಾರೋ ಅದ್ರಲ್ಲಿ ಕೊನೇ ಮಾತಷ್ಟೇ ಕತ್ತರಿಸಿ ವಾಟ್ಸಾಪಲ್ಲಿ ಬುಟ್ಟಿದ್ರು. ಬಾಡ್ಗೆ ಗೀಡ್ಗೆ ಎಲ್ಲಾ ಹೋಗಿ "ಸ್ಟಾರ್ಟರ್ ಬಿಚ್ಚವ್ರೆ" ಅನ್ನೋದಷ್ಟೇ ಉಳ್ಕಂಡಿತ್ತು. ನನ್ ದನಿ. ಮಂಡ್ಯ ಬಸ್ ಸ್ಟ್ಯಾಂಡಲ್ಲಿ ನನ್ ಹಿಂದೆ ಕೂತಿದ್ದೋರ ಫೋನಲ್ಲಿ ನನ್ ದನಿ ಕೇಳಿ ತಿರುಗಿ ನೋಡ್ದೆ, ಆಮೇಲೆ ಕತ್ತು ತಿರುಗಿಸೋಕೇ ಆಗ್ಲಿಲ್ಲ.

ಅವತ್ತು ಹನ್ನೊಂದ್ ಗಂಟೆಗೆ ಅಂಗಡಿಗೆ ಗಂಡ ಹೆಂಡ್ತಿ ಬಂದ್ರು, ಮದ್ದೂರಿನೋರು. ಟಿಕೆಟ್ ಕ್ಯಾನ್ಸಲ್ ಮಾಡ್ಬೇಕು ಅಂದ್ರು. ಟಿಕೆಟ್ ನೋಡ್ದೆ. ಅಣ್ಣನ ಕಂಪ್ನೀದೇ, ಹೈದ್ರಾಬಾದು, ಮೂರು ಜನ.

"ಯಾಕೆ ಕ್ಯಾನ್ಸಲ್ಲು?" ಅಂದೆ.

ಆಯಮ್ಮ ಫೋನ್ ತೆಗ್ದು ನನ್ ಮೂಗಿನ ಹತ್ರ ಹಿಡುದ್ರು. "ಇಲ್ ನೋಡವ್ವ, ಯಾವ್ದೋ ಹುಡ್ಗಿ ಏಳವ್ಳೆ. ಸ್ಟಾರ್ಟರ್ರೇ ಇಲ್ವಂತೆ!"

"ಇಲ್ಲ ಅಂತ ಅಲ್ಲ, ಒಂದರದ್ದು ಇನ್ನೊಂದಕ್ಕೆ..." ಅಂದೆ.

"ಅದೇ ಕಣವ್ವ. ನಮ್ಮತ್ತೆಗೆ ಸೊಂಟದ ಆಪ್ರೇಷನ್ ಆಗದೆ. ಅವ್ರ ಮಗ್ಳ ಮನೆಗೆ ಬುಟ್ ಬರ್ಬೇಕು. ಟ್ರೈನಲ್ಲಿ ರಾತ್ರಿಯೆಲ್ಲ ಕೂರೋಕಾಗಲ್ಲ ಅಂತ ವಿಮಾನ ಮಾಡಿದ್ವಿ. ಏನ್ ಮಾಡೋದು, ನೋವು ತಿನ್ಕಂಡೇ ಟ್ರೈನಲ್ಲಿ ಕರ್ಕಂಡೋಯ್ತೀವಿ. ಜೀವ ಇದ್ರೆ ಸಾಕು."

ಗಂಡ ರೇಗುದ್ರು, "ನಾನ್ ಏಳ್ಲಿಲ್ವಾ ಮೊದ್ಲೇ ಟ್ರೈನೇ ಮಾಡು ಅಂತ? ನಮ್ಮವ್ವನ್ ಸೊಸೆಗೆ ಕಿಟ್ಕಿ ಸೀಟ್ ಬೇಕಿತ್ತು."

"ಹೂಂ, ನಿಮ್ಮವ್ವನ್ ಸೊಂಟ ಇಡ್ಕಂಡು ಕಿಟ್ಕಿ ನೋಡ್ತಿದ್ದೆ ನಾನು!" ಅಂದು ಆಯಮ್ಮ ನನ್ ಕಡೆ ತಿರುಗುದ್ರು. ಸುಮ್ನೆ ನೋಡ್ತಾನೇ ಇದ್ರು. "ನಿನ್ ದನಿ ಎಲ್ಲೋ ಕೇಳ್ದಂಗದೆ ಕಣವ್ವ."

"ಇಲ್ಲೇ ಇರ್ತೀನಲ್ಲ ಆಂಟಿ" ಅಂದೆ. ಕಂಪ್ಯೂಟ್ರು ಕಡೆ ತಿರುಗ್ಕಂಡೆ.

ನಾನೇ ಆ ಟಿಕೆಟ್ ಕ್ಯಾನ್ಸಲ್ ಮಾಡ್ದೆ. ಬೇಡ ಹೋಗಿ, ಏನೂ ಆಗಲ್ಲ ಅನ್ಬೇಕಿತ್ತು. ನಿಂಗೆಂಗ್ ಗೊತ್ತು ಅಂದ್ರೆ ಏನನ್ಲಿ? ಅವ್ರು ಹೋದ್ ಮೇಲೆ ವಿಡಿಯೋ ಅಳಿಸ್ದೆ. ವಾಟ್ಸಾಪಲ್ಲಿ ಹೋಗಿದ್ದು ಎಲ್ ಅಳುಸ್ಲಿ.

ಮಧ್ಯಾಹ್ನ ಅಣ್ಣನ ಫೋನ್ ಬಂತು.

"ಅಮ್ಮೀ, ಅದು ನಿಂದಾ?"

ನಾನು ಎದ್ದು ಅಂಗಡಿ ಹೊರಗೆ ಬಂದೆ.

"ದನಿ ಕೇಳ್ತಿದ್ದಂಗೇ ಗೊತ್ತಾಯ್ತು ಬುಡು. ಸ್ಟಾರ್ಟರ್ ಅಂತ ಯಾಕಮ್ಮೀ ಏಳ್ದೆ? ಸಾಮಾನು ಅಂದಿದ್ರೂ ಆಯ್ತಿತ್ತು. ಆ ಕೆಲ್ಸ ಮಾಡಿದ್ದೋರು ಮೂರೇ ಜನ. ನಾಳೆ ಹತ್ ಗಂಟೆಗೆ ಮೂರ್ ಜನಾನೂ ಮ್ಯಾನೇಜರ್ ಕರ್ದವ್ರೆ."

"ಅಣ್ಣ, ಬುಕ್ಕು?"

"ಅವ್ರ ಹತ್ರನೇ ಅದೆ. ಸೈನ್ ಆಗಿಲ್ಲ."

"ನಾನ್ ಬತ್ತೀನಿ. ನಾನೇ ಮಾಡಿದ್ದು ಅಂತ ಏಳ್ತೀನಿ."

"ಬರ್ಬೇಡ. ನಿಂಗೇಳಿದ್ ಯಾರು ಅಂತ ಕೇಳ್ತಾರೆ, ಆಗ ನಾನೇ ಅಲ್ವಾ?" ಅಂದು ಇಟ್ಬುಟ್ಟ. ಬೈದಿದ್ರೆ ಚೆನ್ನಾಗಿತ್ತು. ಅವ್ನು ಬೈಲಿಲ್ಲ.

ಸಾಯಂಕಾಲ ಮನೆಗೆ ಬಂದು ಅಪ್ಪಂಗೆ ಹೇಳ್ದೆ. ಅಪ್ಪ ಜಗಲಿ ಮೇಲೆ ಕೂತಿತ್ತು. ಎಲ್ಲಾ ಕೇಳ್ಕಂಡು ಒಂದೇ ಮಾತಂತು, "ನಾನ್ ಏಳಿದ್ದು ಮನೆ ಮಾತಲ್ವಾ ಮಗಾ." ಆಮೇಲೆ ಒಳಗೋಗಿ ಇಸ್ತ್ರಿ ಮಾಡಿದ್ ಪಂಚೆ ಎತ್ತಿಟ್ಕಂತು. ನಾಳೆ ನನ್ ಜೊತೆ ಮೈಸೂರಿಗೆ ಬರೋಕೆ.

ಬೆಳಿಗ್ಗೆ ಬನ್ನೂರು ಮೇಲೆ ಹೋಗೋ ಬಸ್ ಹತ್ತಿದ್ವಿ. ಅವತ್ತು ಸೀಟ್ ಸಿಕ್ತು. ಒಂದೊಂದು ಊರು ಬಂದಾಗ್ಲೂ ಇಲ್ಲೇ ಇಳುದ್ಬುಡೋಣ ಅನ್ಸ್ತಿತ್ತು. ಅಪ್ಪ ಕಿಟ್ಕಿ ಕಡೆ ನೋಡ್ತಾ, ಡ್ರೈವರ್ ಗೇರ್ ಹಾಕ್ದಾಗೆಲ್ಲ "ಕ್ಲಚ್ ಹೋಗದೆ ಇದುರ್ದು" ಅಂತಿತ್ತು. ಅಪ್ಪಂಗೂ ಭಯ ಆದಾಗ ಗಾಡಿ ಬಗ್ಗೆ ಮಾತಾಡೋ ಅಭ್ಯಾಸ.

ಏರ್‌ಪೋರ್ಟ್ ಹತ್ರ ಕಂಪ್ನೀದು ಎರಡು ರೂಮಿನ ಆಫೀಸು. ಮುಂದಿನ ರೂಮಲ್ಲಿ ಟಿಕೆಟ್ ಕೊಡೋ ಹುಡ್ಗಿ ಒಬ್ಳೇ ಕೂತಿದ್ಳು, ನನ್ ವಯಸ್ಸಿರ್ಬೌದು, ಕೂದ್ಲು ನೀಟಾಗಿ ಗಂಟು ಕಟ್ಟಿ ಕಂಪ್ನಿ ಬಣ್ಣದ ಸ್ಕಾರ್ಫ್ ಸುತ್ಕಂಡಿದ್ಳು. ನಾವ್ ಯಾರು ಅಂತ ಕೇಳ್ದೆನೇ ಅಪ್ಪಂಗೆ ನೀರ್ ಕೊಟ್ಳು. ಅಣ್ಣ ಒಳಗಿನ ರೂಮಿನ ಬಾಗ್ಲಲ್ಲಿ ನಿಂತಿದ್ದೋನು ನಮ್ಮನ್ನ ನೋಡಿ ಕಣ್ ಮುಚ್ಕಂಡ. ಅವ್ನ ಜೊತೆ ಕೆಲ್ಸ ಮಾಡಿದ್ ಇಬ್ರು ಆಗ್ಲೇ ಒಳಗೋಗಿ ಬಂದು ಹೊರಟೋಗಿದ್ರಂತೆ.

ಮ್ಯಾನೇಜರ್ ವಯಸ್ಸಾದ ಮನುಷ್ಯ, ಬಿಳಿ ಶರ್ಟು, ಕಣ್ ಕೆಳಗೆ ಕಪ್ಪು. ನಮ್ಮನ್ನ ನೋಡಿ "ಇವರೆಲ್ಲ ಯಾರು?" ಅಂದ್ರು.

"ಆ ವಿಡಿಯೋ ಮಾಡಿದ್ದು ನಾನು ಸಾರ್" ಅಂದೆ. ಎಷ್ಟು ಜೋರಾಗಿ ಅಂದ್ನೋ, ಹೊರಗಿನ ಹುಡ್ಗಿ ತಿರುಗಿ ನೋಡುದ್ಳು. "ಅಣ್ಣ ನಂಗೆ ಅಂತ ಏಳ್ಲಿಲ್ಲ ಸಾರ್. ಉಣ್ತಾ ಮಾತಾಡ್ತಿದ್ರು, ನಾನ್ ಕೇಳುಸ್ಕಂಡೆ."

"ಒಂದು ವಿಮಾನದ ಸಾಮಾನು ಇನ್ನೊಂದಕ್ಕೆ ಹಾಕಿದ್ರೆ ಕೆಟ್ಟದ್ದು ಅಂತ ಯಾರಮ್ಮ ಹೇಳಿದ್ದು ನಿನಗೆ?"

ಅಪ್ಪ ಎದ್ ನಿಂತ್ಕಂತು. "ನಾನು ಸ್ವಾಮಿ. ಬಸ್ ಮೆಕ್ಯಾನಿಕ್ಕು."

ನಾನು ಇನ್ನೇನ್ ಬೈತಾರೋ ಅಂತ ಕಾಯ್ತಿದ್ದೆ. ಅವ್ರು ಬೈಲಿಲ್ಲ. ಒಂದು ಫೈಲ್ ತೆಗ್ದು ಅಪ್ಪನ ಮುಂದಿಟ್ರು. ಆ ಸ್ಟಾರ್ಟರ್ ಯಾವತ್ತು ಹೊಸಾದು, ಎಷ್ಟು ಗಂಟೆ ಓಡದೆ, ಯಾವತ್ತು ಬಿಚ್ಚಿದ್ದು, ಟೆಸ್ಟಲ್ಲಿ ಏನ್ ಬಂತು, ಎಲ್ಲಾ ಇತ್ತು. ಅಪ್ಪ ಕನ್ನಡ್ಕ ಹಾಕ್ಕಂಡು ಅಂಕಿ ಮೇಲೆ ಬೆರಳಿಟ್ಟು ಓದ್ತು. ಓದಿ ಮುಗ್ಸಿ, "ಇದ್ರ ಅರ್ಧ ನಾವ್ ಬರ್ದಿದ್ರೆ ನಮ್ ಬಸ್ಸು ಎಷ್ಟೋ ಸಲ ದಾರೀಲ್ ನಿಲ್ತಿರ್ನಿಲ್ಲ. ತಪ್ಪಾಯ್ತು ಸ್ವಾಮಿ" ಅಂತು.

"ವಿಮಾನದ ವಿಷಯ ನೀನು ಹೇಳಿದ್ದು ತಪ್ಪು ಅಂತ ಗೊತ್ತಾಯ್ತಾ?" ನನ್ನ ಕೇಳುದ್ರು.

"ಗೊತ್ತಾಯ್ತು ಸಾರ್. ತಪ್ಪು ಅಂತ ಇನ್ನೊಂದು ವಿಡಿಯೋ ಹಾಕ್ತೀನಿ." ಅಷ್ಟಕ್ಕೇ ಸುಮ್ನಿರ್ಬೇಕಿತ್ತು. ಬಾಯಿ ಕೇಳ್ಲಿಲ್ಲ. "ದುಡ್ಡಿನ ವಿಷ್ಯ ಏಳಿದ್ದೂ ತಪ್ಪಾ ಸಾರ್?"

ಅಣ್ಣ ಹಿಂದ್ಗಡೆಯಿಂದ ನನ್ ಜಡೆ ಎಳುದ. ಮ್ಯಾನೇಜರ್ ಅಣ್ಣನ್ ಕಡೆ ನೋಡುದ್ರು.

"ಕೆಲಸದ ಜಾಗದ ಮಾತು ಹೊರಗೆ ಹೋಗಿದೆ. ನಿನಗೆ ಇವತ್ತಿನಿಂದ ಡ್ಯೂಟಿ ಇಲ್ಲ. ಗೇಟ್ ಪಾಸ್ ಕೊಟ್ಟು ಹೋಗು."

ಅಣ್ಣ ಕುತ್ತಿಗೇಲಿದ್ದ ಪಾಸ್ ತೆಗ್ದು ಟೇಬಲ್ ಮೇಲಿಟ್ಟ. ಬುಕ್ಕು ಕೇಳೋದೆಂಗೆ ಅನ್ನಂಗೆ ನನ್ ಕಡೆ ನೋಡ್ದ. ಮೂರು ವರ್ಷ, ನನ್ ಎರಡು ನಿಮಿಷದ ಮಾತಿಗೆ.

ಮ್ಯಾನೇಜರ್ ಡ್ರಾಯರ್ ಎಳುದ್ರು. ನೀಲಿ ಬುಕ್ಕು ಹೊರಗೆ ಬಂತು. ಪೆನ್ ತಕಂಡು ಮೊದಲ್ನೇ ಹಾಳೆಗೆ ಸೈನ್ ಹಾಕುದ್ರು. ಸೀಲ್ ಒತ್ತುದ್ರು. ಎರಡ್ನೇ ಹಾಳೆ. ಮೂರ್ನೇದು. ಅಪ್ಪ ಗ್ರೀಸ್ ಕೆಲ್ಸದ ಒರಟು ಕೈಲಿ ನನ್ ಕೈ ಹಿಡ್ಕಂತು.

"ಸಾರ್..." ಅಂದ ಅಣ್ಣ.

"ಕೆಲಸ ಮಾಡಿದ್ದೀಯ. ನಾನು ನೋಡಿದ್ದೀನಿ. ಅದು ಬೇರೆ, ಇದು ಬೇರೆ." ತಲೆ ಎತ್ಲಿಲ್ಲ, ಸೈನ್ ಹಾಕ್ತಾನೇ ಇದ್ರು.

ನಂಗೆ ಆಗ ಎದೆ ಹಗುರ ಆಗ್ಬೇಕಿತ್ತು. ಒಂದ್ ಗಳಿಗೆ ಆಯ್ತು ಕೂಡ. ಆಮೇಲೆ ಟೇಬಲ್ ಪಕ್ಕದ ಕುರ್ಚಿ ಮೇಲೆ ನನ್ ಕಣ್ಣು ಬಿತ್ತು. ಅಲ್ಲಿ ನೀಲಿ ಬುಕ್ಕುಗಳು, ಒಂದ್ರ ಮೇಲೊಂದು, ಹತ್ತೋ ಹನ್ನೆರಡೋ. ಮೇಲಿನದು ತೆರೆದೇ ಇತ್ತು, ಸೀಲಿನ ಮಸಿ ಇನ್ನೂ ಆರಿರ್ಲಿಲ್ಲ. ನಾಲ್ಕು ತಿಂಗ್ಳಿಂದ ಒಂದು ಬುಕ್ಕಿಗೆ ಪುರುಸೊತ್ತಿಲ್ಲ ಅಂತಿದ್ದ ಮನುಷ್ಯ, ಒಂದೇ ಬೆಳಿಗ್ಗೆ ಎಲ್ರದ್ದಕ್ಕೂ ಸೈನ್ ಹಾಕ್ತಾ ಕೂತವ್ರೆ. ಅಷ್ಟ್ರಲ್ಲಿ ಆಫೀಸ್ ಹುಡ್ಗ ಬಂದ. ಅವ್ರು ತಲೆ ಎತ್ದೆನೇ ಅಂದ್ರು, "ರಜದಲ್ಲಿರೋರಿಗೂ ಫೋನ್ ಮಾಡು. ಬುಕ್ ತಗೊಂಡು ಬರಲಿ. ಇವತ್ತೇ ಬರಬೇಕು ಅಂತ ಹೇಳು."

ದುಡ್ಡಿನ ವಿಷ್ಯ ತಪ್ಪಾ ಅಂತ ನಾನು ಕೇಳಿದ್ದಕ್ಕೆ ಉತ್ರ ಕುರ್ಚಿ ಮೇಲಿತ್ತು. ಕಂಪ್ನಿ ಮುಚ್ಚೋಯ್ತದೆ.

"ಸಾರ್, ನನ್ ವಿಡಿಯೋದಿಂದಾನಾ?" ಅಂದೆ.

ಅವ್ರು ಸೀಲ್ ಹಿಡ್ಕಂಡೇ ನನ್ನ ನೋಡುದ್ರು. ಕೋಪ ಇರ್ಲಿಲ್ಲ. "ಆ ಮೂರು ದಿನ ತುಂಬಾ ಟಿಕೆಟ್ ವಾಪಸ್ ಬಂತಮ್ಮ. ಅದಿಲ್ಲದಿದ್ದರೆ ಇನ್ನೆಷ್ಟು ದಿನ ಎಳೀತಿದ್ವೋ, ಎಳೀತಿರಲಿಲ್ವೋ. ನನಗೆ ಗೊತ್ತಿಲ್ಲ." ಕೊನೇ ಹಾಳೆ ಒತ್ತಿ ಬುಕ್ಕು ಮುಚ್ಚಿ ಅಣ್ಣನ್ ಕೈಗೆ ಕೊಟ್ರು. "ಹೊರಗೆ ಏನೂ ಮಾತಾಡಬೇಡಿ. ಇದೊಂದು ಸಲನಾದ್ರೂ."

ಅಣ್ಣ ಬುಕ್ಕನ್ನ ಶರ್ಟೊಳಗೆ ಇಟ್ಕಂಡ, ಮಳೆ ಬತ್ತಿರೋಂಗೆ. ನಾವು ಮುಂದಿನ ರೂಮಿಗೆ ಬಂದ್ವಿ. ಟಿಕೆಟ್ ಹುಡ್ಗಿ ಎದ್ ನಿಂತಿದ್ಳು.

"ಅಣ್ಣ, ಸಾರ್ ಎಲ್ರದ್ದೂ ಬುಕ್ ಕೇಳ್ತಾ ಇದ್ದಾರಂತೆ. ಯಾಕೆ?"

"ಏನಿಲ್ಲ. ಬಾಕಿ ಇತ್ತು, ಮುಗುಸ್ತಾವ್ರೆ" ಅಂದ ಅಣ್ಣ.

ಅವ್ಳು ನನ್ ಕಡೆ ನೋಡುದ್ಳು. ನಾನೇ ಆ ವಿಡಿಯೋದೋಳು ಅಂತ ಅವ್ಳಿಗೆ ಗೊತ್ತಾಗಿತ್ತು. ಸ್ಕಾರ್ಫಿನ ತುದಿ ಬೆರಳಿಗೆ ಸುತ್ಕಂತಾ, "ನೀವ್ ಹೇಳಿ ಅಕ್ಕ, ಬೇರೆ ಕಡೆ ಅರ್ಜಿ ಹಾಕ್ಲಾ ನಾನು?" ಅಂದ್ಳು. ಅವ್ಳಿಗೆ ಬುಕ್ಕಿಲ್ಲ. ಅವ್ಳ ವರ್ಷಗಳಿಗೆ ಸೈನ್ ಹಾಕೋಕೆ ಹಾಳೇನೇ ಇಲ್ಲ. ಸಾವ್ರಾರು ಜನಕ್ಕೆ, ಯಾರೂ ಕೇಳ್ದೆನೇ, ಬೇರೆ ದಾರಿ ನೋಡ್ಕಳಿ ಅಂದಿದ್ದೋಳು ನಾನು. ಈಗ ಒಬ್ಳು ಎದುರು ನಿಂತು ಕೇಳ್ತಾವ್ಳೆ. ಹೂಂ ಅಂದ್ರೆ ಇನ್ನೊಂದ್ ಸಲ ನನ್ ಬಾಯಿಂದ ಏನೇನ್ ಆಯ್ತದೋ ಅಂತ ಭಯ. ಇಲ್ಲ ಅಂದ್ರೆ ಸುಳ್ಳು.

"ನಂಗೊತ್ತಿಲ್ಲ" ಅಂದೆ. ಅಪ್ಪ ಖಾಲಿ ಲೋಟ ಅವ್ಳ ಟೇಬಲ್ ಮೇಲಿಟ್ಟು "ಬತ್ತೀವಿ ಕಣವ್ವ" ಅಂತು.

ತಿಂಗ್ಳು ತುಂಬೋಕ್ ಮುಂಚೆ ಉಳ್ದಿದ್ ಗುರುತುಗಳೂ ಆ್ಯಪಲ್ಲಿ ಕಾಣ್ಲಿಲ್ಲ, ಕಂಪ್ನಿ ಮುಚ್ಚೋಗಿತ್ತು. ತಪ್ಪು ಒಪ್ಕಂಡು ನಾನ್ ಹಾಕಿದ್ ಎರಡ್ನೇ ವಿಡಿಯೋನ ನೋಡಿದ್ದು ಅರವತ್ತೋ ಎಪ್ಪತ್ತೋ ಜನ. ಅಣ್ಣನ್ ಬುಕ್ಕು ಲೈಸೆನ್ಸ್ ಆಫೀಸಿಗೆ ಹೋಗದೆ, ಅವ್ನು ಕಾಯ್ತಾವ್ನೆ. ನಂಗೆ ಬೇರೆ ಕಾಯೋದು, ಆ ಟಿಕೆಟ್ ಹುಡ್ಗಿ ಯಾವತ್ತು ಎದುರು ಬಂದು ನಿಲ್ತಾಳೋ ಅಂತ. ನಮ್ ಅಂಗಡಿಗೆ ಕೆಲ್ಸದ ಅರ್ಜಿ ತುಂಬ್ಸೋಕೆ ದಿನಾ ಹುಡ್ಗೀರು ಬತ್ತಾರೆ. ಫೋಟೋ, ಮಾರ್ಕ್ಸ್ ಕಾರ್ಡು, ಆಧಾರು ಹಿಡ್ಕಂಡು ಸಾಲಲ್ಲಿ ನಿಲ್ತಾರೆ. ಒಬ್ಬೊಬ್ರ ಅನುಭವ ಎಷ್ಟು ವರ್ಷ, ಎಲ್ಲಿ ಅಂತ ನಾನೇ ಕೇಳಿ ಟೈಪ್ ಮಾಡ್ಬೇಕು. ಅದನ್ನ ಕೇಳೋಕ್ ಮುಂಚೆ ತಲೆ ಎತ್ತಿ ಮುಖ ನೋಡೋಕೆ ನಂಗೆ ಈಗ್ಲೂ ಧೈರ್ಯ ಸಾಲ್ದು.